ಹನ್ನೊಂದನೇ ಕಾಲಂ

ಬ್ಯಾಡಗಿ
ಫೆಬ್ರವರಿ 30, 2169

ಡಾ. ಸುಲೋಚನಾಬಾಯಿ ಹೆರಿಗೆ ಹಿತ ಮಂಡಳಿಯ ಕಾರ್ಯದರ್ಶಿ ಶ್ರೀಮತಿ ರೇವತಿ ಬಣಕಾರ ಅವರಿಗೆ, ನೂರ ನಲವತ್ತಮೂರು ವರ್ಷಗಳ ಆಚೆ ಅದೇ ಮಂಡಳಿಯ ಕಾರ್ಯದರ್ಶಿಯಾದ ದ್ಯಾಮವ್ವ ಮೆಡ್ಲೇರಿ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಕಾಗದವನ್ನು ಪಕ್ಕಕ್ಕೆ ಎಸೆಯಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳು ಯಾವ ತಿಂಗಳಿಗೂ ಸೇರದೆ ಬೇಸಿಗೆಯ ನಡುವೆ ರಜೆಯಾಗಿ ಬಿದ್ದಿವೆ. ಆ ಐದು ದಿನಗಳಲ್ಲಿ ಹುಟ್ಟಿದ ಮಕ್ಕಳ ಜನ್ಮದಿನಾಂಕದ ತಕರಾರು ಮಾತ್ರ ಇಂದಿಗೂ ಬಗೆಹರಿದಿಲ್ಲ. ನನ್ನ ಹೆಸರು ಕೇಳಿ ಎಂಬತ್ತರ ಮುದುಕಿ ಎಂದುಕೊಳ್ಳಬೇಡಿ, ನನಗೆ ಮೂವತ್ತೊಂಬತ್ತು. ಹಳೆಯ ಹೆಸರುಗಳು ಒಂದು ಸುತ್ತು ಹಾಕಿ ಮತ್ತೆ ಬಂದಿವೆ. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಮಂಡಳಿಯ ಹಳೆಯ ನಡಾವಳಿ ಪುಸ್ತಕಗಳಿಂದ. ಹಾಗಾಗಿ ಅಲ್ಲಲ್ಲಿ ಠರಾವಿನ ವಾಸನೆ ಹೊಡೆಯಬಹುದು.

ಈ ಕಾಗದ ಏಕೆಂದು ಮೊದಲು ಹೇಳುತ್ತೇನೆ. ನಮ್ಮಲ್ಲಿ ಹಿನ್ನೋಲೆ ಎಂಬ ರೂಢಿ ಇದೆ. ಯಾವುದೇ ಸಂಸ್ಥೆಯ ಕುರ್ಚಿಗೆ ಬಂದವರು, ಬಂದ ವರ್ಷದೊಳಗೆ, ಹಿಂದೆ ಅದೇ ಕುರ್ಚಿಯಲ್ಲಿ ಕೂತಿದ್ದ ಒಬ್ಬರಿಗೆ ಕಾಗದ ಬರೆಯಬೇಕು. ಅದನ್ನು ಒಯ್ಯುವ ಅಂಚೆ ಇನ್ನೂ ಹುಟ್ಟಿಲ್ಲ, ಕಾಗದ ಕಪಾಟಿನಲ್ಲೇ ಉಳಿಯುತ್ತದೆ. ಹೆಚ್ಚಿನವರು ಸತ್ತವರೊಬ್ಬರನ್ನು ಹುಡುಕಿ, ನಾಲ್ಕು ಸಿಹಿ ಮಾತು ಬರೆದು ಕೈತೊಳೆದುಕೊಳ್ಳುತ್ತಾರೆ. ನನ್ನದು ಆ ಜಾಯಮಾನವಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಅದನ್ನು ಹೇಳಲೆಂದೇ ಕೂತಿದ್ದೇನೆ.

ನಮ್ಮ ಬ್ಯಾಡಗಿ ಹೇಗಿದೆ ಎಂದು ನಿಮಗೆ ಕುತೂಹಲ ಇರಬಹುದು. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಊರು ಮುಚ್ಚಿರುತ್ತದೆ. ಅದನ್ನು ನೆರಳೊತ್ತು ಎನ್ನುತ್ತೇವೆ. ಆ ಬಿಸಿಲಿಗೆ ತಲೆ ಕೊಡುವವರು ಯಾರೂ ಇಲ್ಲ. ಮೆಣಸಿನಕಾಯಿಯನ್ನು ಈಗ ಬಲೆ ಹೊದಿಸಿದ ಅಂಗಳಗಳಲ್ಲಿ ಒಣಗಿಸುತ್ತಾರೆ. ತೊಟ್ಟು ಬಿಡಿಸುವ ಯಂತ್ರಗಳು ಬಂದು ಎಷ್ಟೋ ಕಾಲವಾಯಿತು, ಆದರೆ ಸುಕ್ಕು ಮೆಣಸಿನಕಾಯಿ ಯಂತ್ರಕ್ಕೆ ಬಗ್ಗುವುದಿಲ್ಲ, ಮೈ ಒಡೆದುಕೊಳ್ಳುತ್ತದೆ. ಹಾಗಾಗಿ ನಮ್ಮ ತೊಟ್ಟಿನ ಓಣಿಯ ಹೆಂಗಸರು ಇಂದಿಗೂ ಬೆರಳಿನಿಂದಲೇ ಬಿಡಿಸುತ್ತಾರೆ, ಇಂದಿಗೂ ಅದೇ ಕೈಯಿಂದ ಮರೆತು ಕಣ್ಣು ಉಜ್ಜಿಕೊಂಡು ಕೂಗಾಡುತ್ತಾರೆ. ನಾನು ಹುಟ್ಟಿದ್ದು ಆ ಓಣಿಯಲ್ಲೇ. ಮಂಡಳಿಯ ಹೆರಿಗೆಮನೆ ಓಣಿಯ ಬಾಯಿಗೇ ಇದೆ, ನಿಮ್ಮ ಕಾಲದಲ್ಲಿ ಇದ್ದ ಜಾಗದಲ್ಲೇ. ಒಬ್ಬೊಬ್ಬರ ಆರೋಗ್ಯದ ಕಥೆಯೆಲ್ಲ ಮೈಚೀಟಿ ಎಂಬ ಗುಂಡಿಯಷ್ಟು ದೊಡ್ಡ ಬಿಲ್ಲೆಯಲ್ಲಿ ಇರುತ್ತದೆ. ಕೆಲವರು ಅದನ್ನು ತಾಳಿಗೆ, ಕೆಲವರು ಬೀಗದ ಕೈ ಗೊಂಚಲಿಗೆ ಕಟ್ಟಿಕೊಳ್ಳುತ್ತಾರೆ. ಗಂಡಸರಿಗೆಂದು ಆರು ತಿಂಗಳಿಗೊಂದು ತಡೆಚುಚ್ಚು, ಅಂದರೆ ಮಕ್ಕಳಾಗದಂತೆ ತಡೆಯುವ ಸೂಜಿ, ಬಂದು ಐವತ್ತು ವರ್ಷವಾಯಿತು. ಇಂಥದ್ದಕ್ಕೆ ನಿಲ್ಲುವ ಗಂಡಸರ ಸಾಲಿನ ಉದ್ದ ನಿಮ್ಮ ಕಾಲದಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ ಇದೆ, ಅಂದರೆ ಇಲ್ಲ. ಗರ್ಭ ತಡೆಯುವ ಭಾರ ಇಂದಿಗೂ ಹೆಂಗಸರದೇ.

ನಿಮ್ಮ ಲೆಕ್ಕಕ್ಕೆ ಬರುವ ಸೋಮವಾರ, ನನ್ನ ಲೆಕ್ಕಕ್ಕೆ ಎಂದೋ ಕಳೆದ ಸೋಮವಾರ, ನೀವು ಒಂದು ಸಭೆ ಕರೆದಿದ್ದೀರಿ. ಅದರ ನಡಾವಳಿಯನ್ನು ಎಷ್ಟು ಸಲ ಓದಿದ್ದೇನೆಂದರೆ ಯಾರು ಎಲ್ಲಿ ಕೂತಿದ್ದರು ಎಂಬುದೂ ಬಾಯಿಪಾಠವಾಗಿದೆ. ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಯಾವುದೋ ಗ್ರಂಥಾಲಯದ ಮೂಲೆಯಲ್ಲಿ ನಮ್ಮ ಸ್ಥಾಪಕಿ ಡಾ. ಸುಲೋಚನಾಬಾಯಿ ಮೋಟೆಬೆನ್ನೂರ ಅವರು 1938ರಲ್ಲಿ ಅಚ್ಚುಹಾಕಿಸಿದ 'ಯೋಗ್ಯರ ಸಂತಾನ' ಎಂಬ ಕಿರುಪುಸ್ತಕವನ್ನು ಕಂಡು, ಅದರ ಮೊದಲ ಎರಡು ಪುಟಗಳನ್ನು ಪತ್ರಿಕೆಗೆ ಕೊಟ್ಟಳು. ಊರೆಲ್ಲ ಗುಲ್ಲಾಯಿತು. ಬಡವರು, ಕೂಲಿಯವರು, ಕಿವುಡರು, ಕುಂಟರು ಹಡೆದರೆ ನಾಡು ಕೆಡುತ್ತದೆ ಎಂದು ಆಕೆ ಬರೆದಿದ್ದರು. ತೊಟ್ಟು ಬಿಡಿಸುವ ಹೆಂಗಸರನ್ನು ಹೊಲದ ಕಳೆ ಎಂದಿದ್ದರು.

ಅದೇ ಸುಲೋಚನಾಬಾಯಿ ಏನೇನು ಮಾಡಿದ್ದರು ಎಂಬುದೂ ನಿಮಗೆ ಗೊತ್ತು. ಹೆರಿಗೆಯೆಂದರೆ ಮುರುಕು ಕೋಣೆ, ತುಕ್ಕು ಹಿಡಿದ ಬ್ಲೇಡು ಎಂದಿದ್ದ ಕಾಲದಲ್ಲಿ ಆಕೆ ಚಕ್ಕಡಿ ಹತ್ತಿ ಹಳ್ಳಿ ಹಳ್ಳಿ ತಿರುಗಿದರು. ಗರ್ಭ ತಡೆಯುವ ಮಾತು ಎತ್ತಿದ್ದಕ್ಕೆ ಅವರ ಮನೆಗೆ ಕಲ್ಲು ಬಿದ್ದವು. ಎಂಟನೆಯದು, ಒಂಬತ್ತನೆಯದು ಎಂದು ಹಡೆಯುತ್ತಲೇ ಸಾಯುತ್ತಿದ್ದ ಹೆಂಗಸರಿಗೆ ಸಾಕು ಎನ್ನಬಹುದು ಎಂದು ಈ ತಾಲ್ಲೂಕಿನಲ್ಲಿ ಮೊದಲು ಹೇಳಿದವರು ಅವರು. ನಮ್ಮ ಓಣಿಯಲ್ಲಿ ಇಂದಿಗೂ ಹೆರಿಗೆ ಸಲೀಸಾದರೆ ಡಾಕ್ಟರಬಾಯಿಯ ಕೈ ಎನ್ನುತ್ತಾರೆ, ಯಾವ ಡಾಕ್ಟರು ಎಂದು ಗೊತ್ತಿಲ್ಲದವರೂ.

ನಿಮ್ಮ ಸಭೆಯಲ್ಲಿ ಎರಡು ಪಕ್ಷಗಳಾದವು. ಬುನಾದಿಯೇ ಕೊಳೆತಿದೆ, ಮಂಡಳಿ ಮುಚ್ಚಿ ಎಂದರು ಕೆಲವರು. ಆ ಕಾಲದಲ್ಲಿ ದೊಡ್ಡ ದೊಡ್ಡವರೇ ಹಾಗೆ ಯೋಚಿಸುತ್ತಿದ್ದರು, ಹಳೆಯದನ್ನು ಕೆದಕಬೇಡಿ ಎಂದರು ಇನ್ನು ಕೆಲವರು. ಮೂರೂವರೆ ಗಂಟೆ ಜಗಳವಾಡಿ ನೀವೊಂದು ನಡುದಾರಿ ಹಿಡಿದಿರಿ. ಸ್ಥಾಪಕಿಯ ಫೋಟೊ ಇಳಿಸುವುದು, ಬೋರ್ಡಿನಿಂದ ಹೆಸರು ತೆಗೆಯುವುದು, ವಿಷಾದದ ಒಂದು ಪುಟ ಪ್ರಕಟಿಸುವುದು, ಮಂಡಳಿಯಲ್ಲಿದ್ದ ಕಿರುಪುಸ್ತಕದ ಹನ್ನೆರಡು ಪ್ರತಿಗಳನ್ನು ಪೆಟ್ಟಿಗೆಗೆ ಹಾಕಿ ಅರಗಿನ ಮೊಹರು ಒತ್ತುವುದು. ಎಲ್ಲರಿಗೂ ಮನಸ್ಸು ಹಗುರಾಯಿತು ಎಂದು ನಡಾವಳಿಯಲ್ಲಿ ನೀವೇ ಬರೆದಿದ್ದೀರಿ. ಆಮೇಲೆ ಉಪ್ಪಿಟ್ಟು, ಚಹಾ. ಆ ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿದವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ ರೇವತಿಯವರೇ, ನೀವೂ ಸೇರಿ. ಓದಲು ಹೇಸಿಗೆಯಾಗಿರಬೇಕು, ನನಗೆ ಅರ್ಥವಾಗುತ್ತದೆ. ಆದರೂ ಓದಬೇಕಿತ್ತು.

ಈಗ ನನ್ನ ಕಥೆಗೆ ಬರುತ್ತೇನೆ. ಒಂಬತ್ತು ವರ್ಷಗಳ ಹಿಂದೆ ಮೈಯೊಪ್ಪಿಗೆ ಎಂಬ ಕಾನೂನು ಬಂತು. ಜನರ ಮೈ ಮುಟ್ಟುವ ಯಾವುದೇ ಸಂಸ್ಥೆ, ಆಸ್ಪತ್ರೆಯಾಗಲಿ ಹೆರಿಗೆಮನೆಯಾಗಲಿ, ಹನ್ನೆರಡು ವರ್ಷಕ್ಕೊಮ್ಮೆ ತಾನಿರುವ ಓಣಿಯ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಸಿಗದಿದ್ದರೆ ಬಾಗಿಲು ಹಾಕಬೇಕು. ಮತ ಹಾಕುವ ಮುನ್ನಾದಿನ ಆ ಓಣಿಗೆ ಸಂಬಂಧಿಸಿದ ಎಲ್ಲ ಹಳೆಯ ಕಾಗದ, ಮೈಚೀಟಿಗಳ ನಕಲು, ಎಲ್ಲವನ್ನೂ ಬಯಲಿನಲ್ಲಿ ಮೇಜು ಹಾಕಿ ಹರಡಬೇಕು. ಯಾರು ಬೇಕಾದರೂ ಬಂದು ತಮ್ಮದನ್ನು ತೆಗೆದು ಓದಬಹುದು, ಓದಲು ಬಾರದವರಿಗೆ ಸಂಸ್ಥೆಯವರೇ ಗಟ್ಟಿಯಾಗಿ ಓದಿ ಹೇಳಬೇಕು. ತೊಟ್ಟಿನ ಓಣಿಯ ಸರದಿ ಮೊದಲ ಸಲ ಬಂದದ್ದು ಹೋದ ನವೆಂಬರಿನಲ್ಲಿ. ನಾನು ಕಾರ್ಯದರ್ಶಿಯಾಗಿ ಮೂರು ತಿಂಗಳಾಗಿತ್ತು, ಅದಕ್ಕೆ ಮುಂಚೆ ಹನ್ನೊಂದು ವರ್ಷ ಅಲ್ಲೇ ದಾದಿಯಾಗಿದ್ದೆ. ನನಗೆ ಹೆದರಿಕೆಯೇನೂ ಇರಲಿಲ್ಲ. ನನ್ನದೇ ಓಣಿ, ನನ್ನದೇ ಜನ. ನನ್ನ ತಂಗಿ ನೀಲವ್ವ ಎಂಟು ತಿಂಗಳ ಬಸುರಿ, ಎರಡನೆಯದು. ಅವಳ ಹೆಸರೂ ನಮ್ಮ ಹೆರಿಗೆಮನೆಯಲ್ಲೇ ದಾಖಲಾಗಿತ್ತು. ಬಾಗಿಲು ಹಾಕಿದರೆ ಅವಳು ಹೆರಿಗೆಗೆ ಹಾವೇರಿಗೆ ಹೋಗಬೇಕಿತ್ತು, ಅದೂ ನೆರಳೊತ್ತು ತಪ್ಪಿಸಿಕೊಂಡು.

ಓಣಿಯ ಹಿರಿಯಳು ಫಕೀರವ್ವ, ತೊಂಬತ್ತೊಂದು ವರ್ಷ. ಕಣ್ಣು ಮಂಜು, ನಾಲಿಗೆ ಮಾತ್ರ ಖಡಕ್ಕು. ಮೇಜಿನ ಮುಂದೆ ಸ್ಟೂಲು ಹಾಕಿಸಿಕೊಂಡು ಕೂತು, ನನ್ನ ಕಾಗದ ಓದು ಎಂದಳು. 2102ರ ಅವಳ ನಮೂನೆಯನ್ನು ತೆಗೆದು ಓದಿದೆ. ಹೆಸರು, ವಯಸ್ಸು ಇಪ್ಪತ್ತನಾಲ್ಕು, ಎರಡನೇ ಹೆರಿಗೆ, ಹೆಣ್ಣು ಮಗು, ತೂಕ. ಹತ್ತನೇ ಕಾಲಂ, ರಕ್ತದ ಗುಂಪು. ಹನ್ನೊಂದನೇ ಕಾಲಂ, ಮನೆ: ಎರಡು. ಹನ್ನೆರಡನೇ ಕಾಲಂ, ಮರುದಿನ ಸಂತಾನಹರಣ ಶಸ್ತ್ರಚಿಕಿತ್ಸೆ.

"ಎರಡಂದ್ರ ಏನ?" ಎಂದು ಕೇಳಿದಳು.

ನನಗೆ ಹಿರಿಯ ದಾದಿಯರು ಹೇಳಿಕೊಟ್ಟದ್ದನ್ನೇ ಹೇಳಿದೆ. ಹತ್ತಿರದ ಮನೆಯಾದರೆ ಒಂದು, ದೂರದ್ದಾದರೆ ಎರಡು, ಬಾಣಂತಿಯನ್ನು ನೋಡಲು ಮನೆಗೆ ಹೋಗುವವರ ಅನುಕೂಲಕ್ಕೆ. ಫಕೀರವ್ವ ಹೆರಿಗೆಮನೆಯ ಕಡೆ ಕೈ ತೋರಿಸಿದಳು.

"ನಿಮ್ಮ ದವಾಖಾನಿ ನಮ್ಮ ಓಣಿ ಬಾಯಾಗ ಐತಿ. ಇಲ್ಲಿ ಕುಂತು ಕೆಮ್ಮಿದ್ರ ಅಲ್ಲಿ ಕೇಳಸ್ತೈತಿ. ದೂರ ಯಾವ್ದ ಯವ್ವಾ?"

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಆಮೇಲೆ ಪಕ್ಕದ ಕಾಗದ ನೋಡಿದೆ, ಎರಡು. ಅದರ ಪಕ್ಕದ್ದೂ ಎರಡು. ಓಣಿಯ ಕಾಗದಗಳೆಲ್ಲ ಎರಡೇ. ಸ್ಟೇಷನ್ ರಸ್ತೆಯ ಬಂಗಲೆಗಳು ನಮ್ಮಿಂದ ಎರಡು ಕಿಲೋಮೀಟರು. ಅಲ್ಲಿಯವರಿಗೆ ಒಂದು ಎಂದು ನಾನೇ ಬರೆದದ್ದು ನೆನಪಾಯಿತು. ಹನ್ನೊಂದು ವರ್ಷ ಬರೆದಿದ್ದೆ. ಈ ಓಣಿಗೆ ಎರಡು ಬರಿ ಎಂದು ಹೇಳಿಕೊಟ್ಟಿದ್ದರು, ಬರೆದೆ. ಯಾಕೆ ಎಂದು ಕೇಳುವಷ್ಟು ದೊಡ್ಡ ವಿಷಯ ಎಂದು ಅನ್ನಿಸಿರಲಿಲ್ಲ.

ಕಚೇರಿಗೆ ಬಂದು ಹಳೆಯ ನಮೂನೆಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆಯುತ್ತಾ ಹೋದೆ. ಮೈಚೀಟಿಗೆ ಮುಂಚೆ ಕಂಪ್ಯೂಟರು, ಕಂಪ್ಯೂಟರಿಗೆ ಮುಂಚೆ ರಿಜಿಸ್ಟರು, ಅದಕ್ಕೂ ಮುಂಚೆ ಬಿಡಿ ಹಾಳೆ. ಹೊಸ ನಮೂನೆ ಮಾಡುವಾಗಲೆಲ್ಲ ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಮಾಡಿದ್ದರು, ಯಾರೂ ಏನನ್ನೂ ಬಿಟ್ಟಿರಲಿಲ್ಲ. ನಮ್ಮ ಮಂಡಳಿಯವರ ಶಿಸ್ತಿನ ಬಗ್ಗೆ ನಿಮಗೆ ಗೊತ್ತೇ ಇದೆ. 1938ರಲ್ಲೂ ಹನ್ನೊಂದನೇ ಕಾಲಂ ಇತ್ತು, ಮನೆ ಎಂದೇ ಇತ್ತು. ಆಗ ನೀವು ಮೊಹರು ಒತ್ತಿದ ಪೆಟ್ಟಿಗೆ ನೆನಪಾಯಿತು. ತೆರೆಯಬಾರದು ಎಂದು ಅದರ ಮೇಲೆ ನಿಮ್ಮದೇ ಅಕ್ಷರ. ತೆರೆದೆ. ಕಿರುಪುಸ್ತಕದ ಕೊನೆಯ ಪುಟದಲ್ಲಿ ಸುಲೋಚನಾಬಾಯಿಯವರು ಯಾವ ಮುಚ್ಚುಮರೆಯಿಲ್ಲದೆ ಹೀಗೆ ಬರೆದಿದ್ದರು: "ಮಂಡಳಿಯ ನಮೂನೆಯ ಹನ್ನೊಂದನೆಯ ಅಂಕಣದಲ್ಲಿ ಯೋಗ್ಯ ಕುಟುಂಬಕ್ಕೆ ಒಂದನೆಯ ಮನೆಯೆಂದೂ ಅಯೋಗ್ಯ ಕುಟುಂಬಕ್ಕೆ ಎರಡನೆಯ ಮನೆಯೆಂದೂ ಗುರುತು ಮಾಡತಕ್ಕದ್ದು. ಎರಡನೆಯ ಮನೆಯವರನ್ನು ಎರಡನೆಯ ಶಿಶುವಿಗೆ ನಿಲ್ಲಿಸತಕ್ಕದ್ದು."

ನಾವು ಅದನ್ನೇ ಮಾಡುತ್ತಿದ್ದೆವು. ಒಂದು ಎಂದಿದ್ದವರ ಹತ್ತಿರ ಒಬ್ಬ ದಾದಿ ಮುಕ್ಕಾಲು ಗಂಟೆ ಕೂತು ಗರ್ಭ ತಡೆಯುವ ಎಂಟು ಬಗೆಯ ಉಪಾಯಗಳನ್ನು ಬಿಡಿಸಿ ಹೇಳುತ್ತಿದ್ದಳು. ಎರಡು ಎಂದಿದ್ದವರಿಗೆ ಎರಡನೇ ಹೆರಿಗೆಯ ಮರುದಿನದ ಪಟ್ಟಿಯಲ್ಲಿ ಶಸ್ತ್ರಚಿಕಿತ್ಸೆ ತಾನಾಗಿಯೇ ಬರುತ್ತಿತ್ತು. ಬೇಡ ಎನ್ನುವ ಹಕ್ಕು ಇಬ್ಬರಿಗೂ ಇತ್ತು. ಆದರೆ ಒಬ್ಬರಿಗೆ ಆ ಹಕ್ಕಿನ ಬಗ್ಗೆ ಹೇಳುತ್ತಿದ್ದೆವು, ಇನ್ನೊಬ್ಬರಿಗೆ ಸಹಿ ಎಲ್ಲಿ ಹಾಕಬೇಕು ಎಂದು ತೋರಿಸುತ್ತಿದ್ದೆವು. ನಮಗೆ ಯಾರ ಮೇಲೂ ದ್ವೇಷವಿರಲಿಲ್ಲ. ಸುಲೋಚನಾಬಾಯಿಯ ಹೆಸರನ್ನೂ ಕೇಳದ ದಾದಿಯರು ಸುಲೋಚನಾಬಾಯಿಯ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ನೀಲವ್ವನ ಮೈಚೀಟಿ ತೆಗೆದು ನೋಡಿದೆ. ಮನೆ: ಎರಡು. ಹೆರಿಗೆಯ ಮರುದಿನದ ಶಸ್ತ್ರಚಿಕಿತ್ಸೆಗೆ ಅವಳ ಸಹಿ ಆಗಲೇ ಆಗಿತ್ತು. ಬರೆದ ಅಕ್ಷರ ನನ್ನದು, ಸಹಿ ಎಲ್ಲಿ ಎಂದು ಬೆರಳಿಟ್ಟು ತೋರಿಸಿದವಳೂ ನಾನೇ. ಒಡಹುಟ್ಟಿದವಳಿಗೆ ಹೀಗೆ ಮಾಡಿದೆನಲ್ಲ ಎಂದು ನಾಚಿಕೆಯಾಯಿತು.

ಆಗ ನನ್ನ ಮುಂದೆ ಎರಡು ದಾರಿ ಇದ್ದವು. ಆ ಪುಟದ ಬಗ್ಗೆ ಗೊತ್ತಿದ್ದದ್ದು ನನಗೊಬ್ಬಳಿಗೆ. ಸದ್ದಿಲ್ಲದೆ ಕಾಲಂ ಅಳಿಸಿ, ಪೆಟ್ಟಿಗೆ ಮುಚ್ಚಿ, ಮರುದಿನ ಒಪ್ಪಿಗೆ ಪಡೆಯಬಹುದಿತ್ತು. ಹೇಳಿದರೆ ಹೆರಿಗೆಮನೆ ಮುಚ್ಚುವುದು ಖಂಡಿತ ಅನ್ನಿಸಿತ್ತು. ನಿಮ್ಮ ಮೇಲಿನ ಸಿಟ್ಟು ಆಗಲೇ ಸ್ವಲ್ಪ ಇಳಿದದ್ದು, ಏಕೆಂದರೆ ನಿಮ್ಮ ನಡುದಾರಿ ಎಷ್ಟು ಸುಖದ್ದು ಎಂದು ಆಗ ತಿಳಿಯಿತು. ಆದರೂ ಮರುದಿನ ಸಂಜೆ ಪುಸ್ತಕ ತೆಗೆದುಕೊಂಡು ಹೋಗಿ ಓಣಿಯ ಮುಂದೆ ಆ ಪುಟವನ್ನು ಓದಿದೆ, ನೀವು ಬೋರ್ಡಿನಿಂದ ಹೆಸರು ತೆಗೆದು ಪೆಟ್ಟಿಗೆಗೆ ಮೊಹರು ಒತ್ತಿದ್ದನ್ನೂ, ಎಷ್ಟು ಜನರಿಗೆ ನಾನೇ ಎರಡು ಬರೆದೆ ಎಂಬುದನ್ನೂ ಹೇಳಿದೆ. ಗದ್ದಲ ಎದ್ದಿತು. ಮುಚ್ಚಿಬಿಡ್ರಿ ಎಂದು ಹಿಂದಿನಿಂದ ಕೂಗಿದರು. ನೀಲವ್ವ ಎದ್ದು ಹೊಟ್ಟೆ ಹಿಡಿದುಕೊಂಡು ಹೊರಟುಹೋದಳು. ಫಕೀರವ್ವ ಎಲ್ಲರ ಬಾಯಿ ಮುಚ್ಚಿಸಿದಳು.

"ಮುಚ್ಚಿದ್ರ ಈ ಹುಡುಗ್ಯಾರು ಎಲ್ಲಿ ಹಡೀಬೇಕು? ಬಸ್ಸಿನ್ಯಾಗೇನು? ಮುಚ್ಚೂದು ಬ್ಯಾಡ. ಹನ್ನೆರಡು ವರ್ಷನೂ ಬ್ಯಾಡ, ಒಂದು ವರ್ಷ ಕೊಡ್ರಿ, ನೋಡೂಣು. ಖರೆ, ಆ ಡಾಕ್ಟರಬಾಯಿ ಹೆಸರು ಯಾಕ ತಗದ್ರಿ ನೀವು? ನಮ್ಮ ಮುತ್ತಜ್ಜಿ ಮುತ್ತಜ್ಜಿ ಜೀವ ಉಳಿಸಿದಾಕಿನೂ ಆಕಿನ, ನನ್ನ ಹೊಟ್ಟಿ ಕಟ್ಟಿದಾಕಿನೂ ಆಕಿನ. ಹೆಸರ ಇಲ್ಲಂದ್ರ ನಾ ಯಾರಿಗೆ ಬೈಲಿ?"

ಹಾಗೇ ಠರಾವಾಯಿತು. ಬೋರ್ಡಿನ ಮೇಲೆ ಸುಲೋಚನಾಬಾಯಿಯ ಹೆಸರು ಮತ್ತೆ ಬಂದಿದೆ. ಫೋಟೊ ಗೋಡೆಗೆ ಏರಿದೆ, ಪಕ್ಕದಲ್ಲೇ ಆ ಕೊನೆಯ ಪುಟಕ್ಕೂ ಕಟ್ಟು ಹಾಕಿಸಿ ತೂಗುಹಾಕಿದ್ದೇವೆ. ಹೆರಿಗೆಗೆ ಬಂದವರು ಎರಡನ್ನೂ ನೋಡುತ್ತಾರೆ. ಸ್ಥಾಪಕಿಯ ವಿಚಾರ ಕೆಟ್ಟದ್ದಾದ್ದರಿಂದ ಮಂಡಳಿಯೂ ಕೆಟ್ಟದ್ದಾಗುತ್ತದೆಯೇ ಎಂದು ನಿಮ್ಮ ಸಭೆಯಲ್ಲಿ ಒಬ್ಬರು ಕೇಳಿದ್ದರಲ್ಲ, ಆ ಪ್ರಶ್ನೆಗೆ ನನಗೆ ತಿಳಿದ ಉತ್ತರ ಇಷ್ಟು: ವಿಚಾರ ಸ್ಥಾಪಕಿಯ ಜೊತೆ ಸತ್ತಿದ್ದರೆ ಇಲ್ಲ, ನಮೂನೆಯಲ್ಲಿ ಬದುಕಿದ್ದರೆ ಹೌದು. ಯಾವುದು ಎಂದು ತಿಳಿಯಲು ಗೋಡೆ ನೋಡಿ ಪ್ರಯೋಜನವಿಲ್ಲ.

ನೀಲವ್ವ ಹದಿನೇಳು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಹದಿನೆಂಟನೆಯ ದಿನ ಬಂದು, ಎದುರಿಗೆ ಕೂತು, ಎಂಟೂ ಉಪಾಯಗಳನ್ನು ನನ್ನ ಬಾಯಿಂದಲೇ ಹೇಳಿಸಿಕೊಂಡಳು. ಮುಕ್ಕಾಲು ಗಂಟೆಯ ಬದಲು ಎರಡು ಗಂಟೆ ತೆಗೆದುಕೊಂಡಳು, ಬೇಕೆಂದೇ. ಎಲ್ಲ ಕೇಳಿದ ಮೇಲೆ ಶಸ್ತ್ರಚಿಕಿತ್ಸೆಯನ್ನೇ ಆರಿಸಿಕೊಂಡಳು! ನಾನು ಬಾಯಿ ಬಿಟ್ಟುಕೊಂಡು ನೋಡಿದರೆ, "ಈಗ ನಾ ಹೇಳಾಕತ್ತೀನಿ, ನೀ ಬರಕೋ" ಎಂದಳು. ಗಂಡು ಮಗು, ಇಬ್ಬರೂ ಆರಾಮಾಗಿದ್ದಾರೆ.

ಓಣಿಯವರು ನನಗೆ ಇನ್ನೊಂದು ಶಿಕ್ಷೆ ಕೊಟ್ಟಿದ್ದಾರೆ. ಎರಡು ಎಂಬ ಗುರುತಿನಿಂದ ಶಸ್ತ್ರಚಿಕಿತ್ಸೆಯಾದವರಲ್ಲಿ ಈಗ ಬದುಕಿರುವ ಪ್ರತಿಯೊಬ್ಬರ ಮನೆಗೂ ಕಾರ್ಯದರ್ಶಿಯೇ ಹೋಗಿ ಮುಖಾಮುಖಿ ಹೇಳಬೇಕು. ಇಲ್ಲಿಯವರೆಗೆ ನಲವತ್ತಮೂರು ಮನೆ ಆಗಿವೆ. ಕೆಲವರು ಬೈದರು, ಒಬ್ಬಳು ನನ್ನ ಮುಖಕ್ಕೆ ಬಾಗಿಲು ಹಾಕಿದಳು, ಹೆಚ್ಚಿನವರು ಚಹಾ ಕೊಟ್ಟರು. ಚಹಾ ಕುಡಿಯುವುದೇ ಕಷ್ಟವಾಯಿತು. ಮೊದಲ ಮನೆ ಫಕೀರವ್ವನದು. ಗೊತ್ತಿದ್ದದ್ದನ್ನೇ ಮತ್ತೆ ಹೇಳಿದೆ, ಅವಳು ಮತ್ತೆ ಪೂರ್ತಿ ಕೇಳಿದಳು. ಸಣ್ಣ ಕೆಲಸ, ನಾಳೆ ಮನೆಗೆ ಹೋಗಬಹುದು ಎಂದು ಅವತ್ತು ಹೇಳಿದ್ದರಂತೆ. ಏನು ಕೆಲಸ ಎಂದು ಅವಳಿಗೆ ತಿಳಿದದ್ದು ನಾಲ್ಕು ವರ್ಷ ಕಾದ ಮೇಲೆ. "ಮೂರನೇದಕ್ಕ ಹೆಸರು ಇಟಗೊಂಡಿದ್ದೆ" ಎಂದಳು. ಯಾವ ಹೆಸರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ರೇವತಿಯವರೇ, ಸೋಮವಾರದ ಸಭೆಯಲ್ಲಿ ಫೋಟೊ ಇಳಿಸುವುದಾದರೆ ಇಳಿಸಿ, ಬಿಡುವುದಾದರೆ ಬಿಡಿ. ಆ ಜಗಳಕ್ಕೆ ನಾನು ಬರುವುದಿಲ್ಲ. ನನ್ನ ಬೇಡಿಕೆ ಒಂದೇ. ಸಭೆಗೆ ಹೋಗುವ ಮುನ್ನ ಹೊರಗಿನ ಮೇಜಿನ ಮೇಲಿರುವ ಖಾಲಿ ನಮೂನೆಯೊಂದನ್ನು ಕೈಗೆತ್ತಿಕೊಳ್ಳಿ. ಅದರ ಒಂದೊಂದು ಕಾಲಂ ಏಕಿದೆ ಎಂದು ಅಲ್ಲಿರುವ ದಾದಿಯನ್ನು ಕೇಳಿ. ಹನ್ನೊಂದನೆಯದಕ್ಕೆ ಬಂದಾಗ ಅವಳು ದೂರ, ಹತ್ತಿರ ಎಂದು ಏನೋ ಹೇಳುತ್ತಾಳೆ, ಪಾಪ ಒಳ್ಳೆಯ ಹುಡುಗಿ, ಸುಳ್ಳು ಹೇಳುತ್ತಿಲ್ಲ. ಅದನ್ನು ಅಲ್ಲೇ ಹೊಡೆದುಹಾಕಿ. ಫಕೀರವ್ವ ಹುಟ್ಟಲು ಇನ್ನೂ ಐವತ್ತೆರಡು ವರ್ಷವಿದೆ. ನಿಮಗೆ ಬೇಕಾಗುವುದು ಒಂದು ಪೆನ್ನು.

ಇತಿ,
ದ್ಯಾಮವ್ವ ಮೆಡ್ಲೇರಿ
ಎರಡನೇ ಮನೆ, ತೊಟ್ಟಿನ ಓಣಿ